ಕಡಲ್ಗಳ್ಳರ ಸಿನಿಮಾಕ್ಕೆ ನನಗೆ ಬಂದ ಬಹುಮಾನ

ಮಕ್ಕಳೇ, ನಿಮಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಇದನ್ನು ನಿಮ್ಮಮ್ಮನೇ ನಿಮಗೆ ಓದಿ ಹೇಳಬೇಕಾಗುತ್ತದೆ. ಓದುತ್ತಾ ಅವಳು ಒಂದೆರಡು ಹಾಳೆ ಹಾರಿಸಿದರೂ ಹಾರಿಸಬಹುದು. ಹಾರಿಸಿದರೆ ಜಗಳ ಮಾಡಬೇಡಿ. ಹಾಳೆಗಳನ್ನು ಎತ್ತಿಟ್ಟುಕೊಳ್ಳಿ, ದೊಡ್ಡವರಾದ ಮೇಲೆ ಬೇರೆ ಯಾರಿಂದಲಾದರೂ ಓದಿಸಿಕೊಳ್ಳಿ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಹೊರಟ ಒಂದೇ ಒಂದು ಸಲ ಏನಾಯಿತು ಎಂಬುದನ್ನು ನಿಮಗೆ ಹೇಳಬೇಕು.

ಆ ವರ್ಷ ನಾನು ಚಳಿಗಾಲದಲ್ಲಿ ಐರ್ಲೆಂಡಿಗೆ, ನಿಮ್ಮ ಟಾಲಾದ ಮನೆಗೆ ಬಂದೆ. ಯುಗಾದಿಯ ಹೊತ್ತಿಗೆ ವಾಪಸು ಹೋಗುವುದೆಂದು ಟಿಕೆಟ್ ಆಗಿತ್ತು. ಹೊರಡುವ ಮೊದಲು ಹಿರಿಯೂರಿನಲ್ಲಿ ನನ್ನ ಅಕ್ಕನನ್ನು ನೋಡಿಕೊಂಡು ಬಂದಿದ್ದೆ. ನಮ್ಮವ್ವ ನಾನು ಚಿಕ್ಕವಳಿದ್ದಾಗಲೇ ತೀರಿಹೋದಳು. ನನಗೆ ತಲೆ ಬಾಚಿದ್ದು, ಶಾಲೆಗೆ ಸೇರಿಸಿದ್ದು, ಮದುವೆಯಲ್ಲಿ ಮಡಿಲು ತುಂಬಿದ್ದು ಎಲ್ಲ ಅಕ್ಕನೇ. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಡಾಕ್ಟರು ಔಷಧ ಬದಲಾಯಿಸಿದ್ದರು, ಸ್ವಲ್ಪ ಸುಧಾರಿಸಿದ್ದಳು. ನಾನು ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ ಅವಳೇ ಬೈದು ಕಳಿಸಿದಳು.

“ಹೋಗಿ ಮೊಮ್ಮಕ್ಕಳನ್ನ ನೋಡ್ಕಂಡು ಬಾರೆ. ನೀ ಬರೋಗಂಟ ನಾನೇನು ಸಾಯಕ್ಕಿಲ್ಲ.”

ಯುಗಾದಿಗೆ ಮೊದಲೇ ರೋಗ ಬಂತು. ವಿಮಾನಗಳು ನಿಂತವು. ನಿಮ್ಮ ಶಾಲೆ ಮುಚ್ಚಿತು. ನಿಮ್ಮಪ್ಪ ಮಹಡಿಯ ಚಿಕ್ಕ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತರು. ನಿಮ್ಮಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವಳಿಗೆ ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಬೆಳಿಗ್ಗೆ ಹೋದರೆ ಸಂಜೆ ಮುಖದ ಮೇಲೆ ಮಾಸ್ಕಿನ ಗೀರು ಹೊತ್ತುಕೊಂಡು ಬರುತ್ತಿದ್ದಳು. ಬಂದವಳು ನಿಮ್ಮನ್ನು ಮುಟ್ಟದೆ ನೇರ ಸ್ನಾನಕ್ಕೆ ಹೋಗುತ್ತಿದ್ದಳು. ಅವಳ ಕಷ್ಟ ನಾನು ಕಂಡಿದ್ದೇನೆ, ಇಲ್ಲವೆನ್ನುವುದಿಲ್ಲ. ನಿಮಗೆ ತಿಂಡಿ, ಊಟ, ಸ್ನಾನ, ಮಧ್ಯಾಹ್ನದ ಜಗಳ ಬಿಡಿಸುವುದು, ಮಳೆ ನಿಂತ ಕೂಡಲೇ ಹಿತ್ತಲಿನ ಹುಲ್ಲಿಗೆ ಬಿಡುವುದು, ಇದೆಲ್ಲ ನನ್ನದಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ಕೂತು ಮಾತಾಡುವುದಿಲ್ಲ. ಅವರು ಅಡುಗೆಮನೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತೇನೆ. ನಿಮ್ಮಪ್ಪ ಬೆಂಗಳೂರಿನವರು, ಅವರಿಗೆ ಇದೆಲ್ಲ ಇಲ್ಲ. “ಅತ್ತೆ, ಬನ್ನಿ, ಸೋಫಾ ಮೇಲೆ ಕೂತ್ಕೊಳ್ಳಿ” ಎಂದು ಎಷ್ಟೋ ಸಲ ಕರೆದರು. ಮೈಗೆ ಹತ್ತಿದ್ದು ಹೋಗುತ್ತದೆಯೇ? ನನಗೆ ಏನು ಬೇಕಾದರೂ ನಿಮ್ಮಮ್ಮನಿಗೆ ಹೇಳುತ್ತಿದ್ದೆ, ಅವಳು ಅವರಿಗೆ ಹೇಳುತ್ತಿದ್ದಳು. ಹೊರಗಿನ ಜನರಿಗೂ ಹಾಗೇ. ಆ ಇಡೀ ದೇಶದಲ್ಲಿ ನನ್ನ ಮಾತು ಹೊರಬೀಳಲು ನಿಮ್ಮಮ್ಮನ ಬಾಯಿಯೊಂದೇ ದಾರಿ.

ಬೇಸಿಗೆಯ ಹೊತ್ತಿಗೆ ಅಕ್ಕನ ಗಡ್ಡೆ ಮತ್ತೆ ಬೆಳೆಯಿತು. ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದರಂತೆ. ಅದೇ ಸಮಯದಲ್ಲಿ, ಹೊರದೇಶಗಳಲ್ಲಿ ಸಿಕ್ಕಿಹಾಕಿಕೊಂಡವರನ್ನು ಕರೆತರಲು ಸರ್ಕಾರ ವಿಶೇಷ ವಿಮಾನ ಬಿಡುತ್ತದೆಂದು ಸುದ್ದಿ ಬಂತು. ನಾನು ನಿಮ್ಮಮ್ಮನನ್ನು ಕೇಳಿದೆ. ಅವಳು ಪಾತ್ರೆ ಒರೆಸುತ್ತಾ ಹೇಳಿದಳು:

“ಇಲ್ಲಿನ ನಮ್ಮ ಕನ್ನಡ ಸಂಘದವರ ಹತ್ರ ಹೆಸರು ಕೊಟ್ಟಿದೀನಮ್ಮ. ವಯಸ್ಸಾದವರಿಗೆ ಮೊದಲು ಕೊಡ್ತಾರೆ. ಸೀಟು ಬಂದಾಗ ಹೇಳ್ತಾರೆ.”

ನಾನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. “ಹಂಗಾರೆ ಬತ್ತೀಯ ಬಿಡು” ಎಂದಳು. ಆಮೇಲೆ ಒಂದು ವಿಮಾನ ಹೋಯಿತು. ಇನ್ನೊಂದೂ ಹೋಯಿತು. ಕೇಳಿದಾಗಲೆಲ್ಲ ನಿಮ್ಮಮ್ಮ, “ಇನ್ನೂ ಬಂದಿಲ್ಲಮ್ಮ, ತುಂಬಾ ಜನ ಇದಾರೆ” ಎನ್ನುತ್ತಿದ್ದಳು. ಅಕ್ಕನ ದನಿ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು. ಫೋನಿನಲ್ಲಿ ನಾನು ಮಾತಾಡುವುದು, ಅವಳು ಹ್ಞೂಂ ಎನ್ನುವುದು, ಅಷ್ಟಕ್ಕೆ ಬಂದಿತ್ತು.

ಹೀಗಿರುವಾಗ ಸಂಘದವರು ಒಂದು ರಜಾ ಸೋಮವಾರ ಸಿನಿಮಾ ಇಟ್ಟುಕೊಂಡರು. ಎಲ್ಲರೂ ಅವರವರ ಮನೆಯಲ್ಲಿ ಒಂದೇ ಹೊತ್ತಿಗೆ ಸಿನಿಮಾ ಶುರು ಮಾಡುವುದು, ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಮುಖ ತೋರಿಸಿ ಅಭಿಪ್ರಾಯ ಹೇಳುವುದು. ಚೆನ್ನಾಗಿ ಹೇಳಿದವರಿಗೆ ಬಹುಮಾನ. ಸಿನಿಮಾ ಯಾವುದೆಂದು ಮಕ್ಕಳನ್ನು ಕೇಳಿದರಂತೆ. ನೀವೆಲ್ಲ ಕಡಲ್ಗಳ್ಳರ ಸಿನಿಮಾದ ಎರಡನೆಯ ಭಾಗ ಎಂದಿರಿ. ಮೊದಲ ಭಾಗವನ್ನು ನೀವು ಎಷ್ಟು ಸಲ ನೋಡಿದ್ದಿರೆಂದರೆ, ಅದರ ಫಿರಂಗಿ ಸದ್ದಿನ ಲೆಕ್ಕದಲ್ಲಿ ನಾನು ಒಲೆಯ ಮೇಲಿನ ಅನ್ನ ಇಳಿಸುತ್ತಿದ್ದೆ.

ಸಿನಿಮಾ ಅಂದರೆ ನನಗೆ ಹೊಸದಲ್ಲ. ನಿಮ್ಮ ತಾತ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಟೆಂಟು ಇಂದು ಈ ಊರಲ್ಲಿದ್ದರೆ ಮುಂದಿನ ತಿಂಗಳು ಇನ್ನೊಂದೂರಲ್ಲಿ. ಮದುವೆಯಾದ ಹೊಸತರಲ್ಲಿ ನಾನೂ ಅವರ ಜೊತೆ ಟೆಂಟಿನ ಹಿಂದಿನ ಗುಡಿಸಲಿನಲ್ಲಿ ಇದ್ದೆ. ಸಿನಿಮಾ ತೀರಾ ಉದ್ದವಾಗಿದ್ದರೆ ಮಾಲೀಕರು ಒಂದು ರೀಲು ಹಾರಿಸಲು ಹೇಳುತ್ತಿದ್ದರು. ಯಾವ ರೀಲು ಎಂದು ನಿಮ್ಮ ತಾತ ಮೊದಲ ಆಟ ಬಿಟ್ಟಾಗ ತೀರ್ಮಾನ ಮಾಡುತ್ತಿದ್ದರು. ಜನ ಹೊರಗೆ ಬಂದು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಾ ಏನು ಮಾತಾಡುತ್ತಾರೆಂದು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುವುದು ಅವರ ಅಭ್ಯಾಸ. ರೀಲು ಹಾರಿಸಿದ ದಿನ ಯಾರಾದರೂ ಬಂದು “ಏನಣ್ಣ, ಆ ಕುರುಡಿ ಮುದುಕಿ ಏನಾದ್ಳು?” ಎಂದು ಕೇಳಿದರೆ ಬೀಡಿ ಹಚ್ಚಿಕೊಂಡು, ಹಾರಿಸಿದ ರೀಲಿನ ಕತೆಯನ್ನು ಬಾಯಲ್ಲೇ ಪೂರ್ತಿ ಹೇಳಿ ಕಳಿಸುತ್ತಿದ್ದರು. “ಸಿನಿಮಾ ಹೆಂಗಿತ್ತು ಅಂತ ಕೇಳು, ಜನ ಅವರ ಮನೇದೇ ಹೇಳ್ತಾರೆ” ಎಂದು ನನ್ನ ಬಳಿ ನಗುತ್ತಿದ್ದರು. ಅವರು ಹೋಗಿ ಬಹಳ ವರ್ಷವಾಯಿತು. ನಿಮ್ಮಿಬ್ಬರಲ್ಲಿ ಒಬ್ಬರನ್ನೂ ನೋಡಲಿಲ್ಲ.

ಆ ಸೋಮವಾರ ಮಧ್ಯಾಹ್ನ ಸಿನಿಮಾ ಶುರುವಾಯಿತು. ನೀವು, ನಿಮ್ಮಮ್ಮ, ಅಪ್ಪ ಸೋಫಾದ ಮೇಲೆ. ನಾನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮೊದಲ ದೃಶ್ಯದಲ್ಲೇ ಕಡಲ್ಗಳ್ಳರ ನಾಯಕ ಹಡಗು ಹತ್ತುತ್ತಾನೆ. ಹಡಗು ನಿಲ್ಲುವ ದಕ್ಕೆಯ ಮೇಲೆ ಒಬ್ಬ ಮುದುಕಿ ಲಾಂದ್ರ ಹಿಡಿದು ನಿಂತಿರುತ್ತಾಳೆ. ನಿಮ್ಮಲ್ಲಿ ದೊಡ್ಡವಳಾದ ನೀನು ನನ್ನ ಕಡೆ ತಿರುಗಿ ಹೇಳಿದೆ:

“ಅಜ್ಜಿ, ಶೀ ಈಸ್ ಹಿಸ್ ಸಿಸ್ಟರ್. ಅವನು ಬೇಗ ಬರ್ತೀನಿ ಅಂತಾನೆ.”

ಅಲ್ಲಿಂದ ಶುರುವಾದ ಹೊಡೆದಾಟ ಮುಗಿಯಲೇ ಇಲ್ಲ. ಮುಳುಗಿಹೋದ ಯಾವುದೋ ದೊಡ್ಡ ಗಂಟೆಗಾಗಿ ಎಲ್ಲರೂ ಹುಡುಕಾಡುತ್ತಾರೆ. ಉಪ್ಪಿನ ಗುಹೆಯಲ್ಲಿ ಒಂದು ಕಾಳಗ. ಹಡಗನ್ನು ಹಗ್ಗ ಕಟ್ಟಿ ಗುಡ್ಡ ಹತ್ತಿಸುತ್ತಾರೆ, ಆ ಗುಡ್ಡದ ಮೇಲೆ ಇನ್ನೊಂದು ಕಾಳಗ. ಚಿಕ್ಕವನು ನಿದ್ದೆ ಹೋದ. ನಾನು ಎದ್ದು ಹೋಗಿ ಚಪಾತಿ ಹಿಟ್ಟು ಕಲಸಿ ಬಂದೆ, ಹಡಗು ಇನ್ನೂ ಗುಡ್ಡದ ಮೇಲೇ ಇತ್ತು. ಕೊನೆಗೆ ಹಡಗು ಜಲಪಾತದೊಳಗೆ ನುಗ್ಗುತ್ತದೆ, ಪರದೆ ಕಪ್ಪಾಗುತ್ತದೆ, ಅಷ್ಟೇ. ಮೂರನೆಯ ಭಾಗಕ್ಕೆ ಕಾಯಬೇಕಂತೆ. ಹೊರಗೆ ಆಗಲೂ ಬಿಸಿಲು. ಅಲ್ಲಿಯ ಬೇಸಿಗೆಯ ಸಂಜೆಗೂ ಆ ಸಿನಿಮಾಕ್ಕೂ ಮುಗಿಯುವುದು ಗೊತ್ತಿಲ್ಲ.

ಆಮೇಲೆ ನಿಮ್ಮಮ್ಮ ಲ್ಯಾಪ್‌ಟಾಪ್ ತೆರೆದಳು. ಪುಟ್ಟ ಪುಟ್ಟ ಚೌಕಗಳಲ್ಲಿ ಮನೆ ಮನೆಯವರು ಬಂದರು. ಸಂಘದ ಕೆಲಸಕ್ಕೆಲ್ಲ ಓಡಾಡುವ ಮೈಸೂರಿನವರೊಬ್ಬರು ನಡೆಸಿಕೊಡುತ್ತಿದ್ದರು. ವಿಮಾನದ ಸೀಟಿಗೆ ಹೆಸರು ಸೇರಿಸಿಕೊಳ್ಳುವವರೂ ಅವರೇ ಎಂದು ನಿಮ್ಮಮ್ಮ ಮೊದಲೇ ಹೇಳಿದ್ದಳು. ಅವರ ಮುಖ ಕಂಡ ಮೇಲೆ ನಾನು ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡೆ.

ಕಡಲ ದಡದ ಊರಾದ ಡನ್ ಲಿಯರಿಯ ಒಬ್ಬರು ಮೊದಲು ಮಾತಾಡಿದರು. “ನಮ್ಮನೆ ಕಿಟಕಿ ತೆಗೆದ್ರೆ ಸಮುದ್ರ ಕಾಣ್ಸತ್ತೆ ಗುರು. ಮೂರು ಗಂಟೆ ಕರ್ಟನ್ ಹಾಕ್ಕೊಂಡು ಟೀವೀಲಿ ಸಮುದ್ರ ನೋಡಿಸಿದ್ರಲ್ಲ, ನಿಮಗೇನು ಬಂದಿತ್ತು?”

ಡಗ್ಲಸ್ ಎಂಬ ಊರಿನ ಒಬ್ಬಾಕೆ, “ಆ ಗುಹೆ ಫೈಟ್ ಶುರುವಾದಾಗ ಬೇಳೆ ಕುಕ್ಕರಿಗೆ ಇಟ್ಟೆ. ಬಿಸಿಬೇಳೆ ಭಾತ್ ಆಯ್ತು, ಒಗ್ಗರಣೆ ಆಯ್ತು, ಹಪ್ಪಳ ಕರಿದೆ. ಬಂದು ನೋಡಿದ್ರೆ ಅದೇ ಇಬ್ರು, ಅದೇ ಕತ್ತಿ” ಎಂದಳು. ಅವಳ ಗಂಡ ಹಿಂದಿನಿಂದ, “ಭಾತ್‌ಗೆ ಉಪ್ಪೂ ಆ ಗುಹೆಯಿಂದಲೇ ತಂದಿದ್ದು, ಅಷ್ಟು ಜಾಸ್ತಿ ಆಗಿದೆ” ಎಂದ. ಎಲ್ಲರೂ ನಕ್ಕರು.

ಓದಲು ಬಂದ ಮೂವರು ಹುಡುಗಿಯರು ಒಂದೇ ಕೋಣೆಯಲ್ಲಿ ಕೂತಿದ್ದರು. ಅವರಲ್ಲೊಬ್ಬಳು, “ಉದ್ದ ಇದ್ರೆ ಏನಂಕಲ್, ಎದ್ದು ಎಲ್ಲಿಗೆ ಹೋಗ್ಬೇಕು? ಇನ್ನೂ ಒಂದ್ ಗಂಟೆ ಇದ್ರೂ ನೋಡ್ತಿದ್ವಿ” ಎಂದಳು. ಆಗ ಯಾರೂ ನಗಲಿಲ್ಲ. ನಿಮ್ಮ ತಾತ ಹೇಳಿದ್ದು ಸರಿ ಅನ್ನಿಸಿತು.

ನಿಮ್ಮಪ್ಪ, “ಫಸ್ಟ್ ಪಾರ್ಟ್ ದುಡ್ಡು ಮಾಡ್ತು ಅಂತ ಸೆಕೆಂಡ್ ಪಾರ್ಟ್ ಎಳೆದಿದಾರೆ, ಕತೆನೇ ಇಲ್ಲ” ಎಂದು ಹೇಳಿ ಮಹಡಿಗೆ ಹೋದರು. ಅವತ್ತು ಅಲ್ಲಿ ರಜೆಯಾದರೂ ಅಮೆರಿಕದ ಆಫೀಸಿನವರು ಕರೆಯುತ್ತಿದ್ದರು. ನೀನು, “ಇಟ್ ವಾಸ್ ಗ್ರ್ಯಾಂಡ್, ಬಟ್ ಇಟ್ ಡಿಡಂಟ್ ಎಂಡ್, ಲೈಕ್” ಎಂದು ನಿನ್ನ ಐರಿಶ್ ರಾಗದಲ್ಲಿ ಹೇಳಿದೆ. ನಿನಗೆ ಚಪ್ಪಾಳೆ ಬಿತ್ತು.

ಆಗ ಮೈಸೂರಿನವರು, “ಅಕ್ಕ, ನಿಮ್ಮಮ್ಮ ಇದಾರಲ್ವಾ? ಅವರನ್ನ ಯಾರೂ ಕೇಳ್ಲೇ ಇಲ್ಲ. ಅಮ್ಮಾ, ದೊಡ್ಡವರು ನೀವು. ಒಂದೆರಡು ಮಾತು” ಎಂದರು.

ನಿಮ್ಮಮ್ಮ, “ಅಯ್ಯೋ, ನಮ್ಮಮ್ಮ ಮಾತಾಡಲ್ಲ ಬಿಡಿ” ಎಂದಳು.

ಅಷ್ಟರಲ್ಲಿ ನಾನು “ಮಾತಾಡ್ತೀನಿ” ಎಂದಿದ್ದೆ. ಹೇಗೆ ಬಂತೋ ಗೊತ್ತಿಲ್ಲ. ನಿಮ್ಮಮ್ಮ ನನ್ನನ್ನೇ ನೋಡಿದಳು. ಆಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದು ನಿಂತಳು. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡು ನಾನು ತಲೆ ತಗ್ಗಿಸಿದೆ. ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಲೇ ಹೇಳಿದೆ. ಹೇಳಿದ್ದು ಹೆಚ್ಚುಕಡಿಮೆ ಹೀಗೆ:

“ನೀವೆಲ್ಲ ಈ ಕಾಳಗ ಉದ್ದ ಆತು, ಆ ಕಾಳಗ ಉದ್ದ ಆತು ಅಂದ್ರಿ. ನಂಗೆ ಇಂಗ್ಲಿಷ್ ತಿಳಿಯಾಕಿಲ್ಲ. ಮೊದ್ಲು ಒಬ್ಳು ಲಾಂದ್ರ ಹಿಡ್ಕಂಡು ನಿಂತಿದ್ಳಲ್ಲ, ಅವನ ಅಕ್ಕ. ಬತ್ತೀನಿ ಅಂತ ಹೇಳಿ ಹೋದ. ಹಡಗನ್ನ ಗುಡ್ಡ ಹತ್ತಿಸಾಕೆ ಪುರಸೊತ್ತು ಐತೆ, ಅವಳ ಕಡೆ ಒಂದ್ಸಲ ತಿರುಗಿ ನೋಡಾಕೆ ಇಲ್ಲ. ಅಷ್ಟು ಹೊತ್ತು ತೋರಿಸಿದ್ರು, ಅವಳು ಏನಾದ್ಳು ಅಂತ ತೋರಿಸ್ಲಿಲ್ಲ. ನೀವೂ ಯಾರೂ ಕೇಳ್ಲಿಲ್ಲ.”

ಉಸಿರು ತೆಗೆದುಕೊಂಡೆ. ಆಮೇಲೆ, ಯಾವುದಕ್ಕಾಗಿ ಬಾಯಿ ತೆರೆದಿದ್ದೆನೋ ಅದನ್ನೂ ಹೇಳಿದೆ:

“ನಂಗೂ ಒಬ್ಳು ಅಕ್ಕ ಅವಳೆ ಸ್ವಾಮಿ, ಹಿರಿಯೂರಲ್ಲಿ. ಹೊಟ್ಟೇಲಿ ಗಡ್ಡೆ. ನಾನು ಬರ್ತೀನಿ ಅಂತ ಉಸಿರು ಹಿಡ್ಕಂಡವಳೆ. ಮುಂದಿನ ವಿಮಾನದಾಗೆ ನಂಗೆ ಒಂದು ಸೀಟು ಕೊಡ್ರಿ. ಕೈ ಮುಗಿತೀನಿ.”

ನಾನು ಮುಗಿಸುವ ಮೊದಲೇ ಚಪ್ಪಾಳೆ ಶುರುವಾಗಿತ್ತು. “ಸೂಪರ್ ಅಮ್ಮಾ”, “ಆಂಟಿಗೇ ಫಸ್ಟ್ ಪ್ರೈಜ್” ಎಂದು ಯಾರು ಯಾರೋ ಹೇಳುತ್ತಿದ್ದರು. ನನ್ನ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ಕನ್ನಡದವರು ಕನ್ನಡದವರೇ ಅಂದುಕೊಂಡೆ. ಇಷ್ಟು ಜನ ಕೇಳಿಸಿಕೊಂಡ ಮೇಲೆ ಇನ್ನೇನು. ನಿಮ್ಮಮ್ಮ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಚಿಕ್ಕವನನ್ನು ಎತ್ತಿಕೊಂಡು ಮಲಗಿಸಲು ಹೋದಳು.

ಮಾರನೆಯ ದಿನ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಜನರ ಎದುರು ಕೇಳಿ ಅವಳ ಮಾನ ತೆಗೆದೆನೆಂದು ಸಿಟ್ಟು ಬಂದಿರಬೇಕು ಅಂದುಕೊಂಡೆ. ನಾನೂ ಕೇಳಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಹೇಳಿದೆ, ಈ ಸಲ ಸೀಟು ಖಂಡಿತ, ಎಲ್ಲರ ಎದುರಿಗೇ ಕೇಳಿದ್ದೇನೆ ಎಂದು. ನನ್ನ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆ. ಅಕ್ಕನಿಗೆಂದು ಕೊಂಡಿದ್ದ ಉಣ್ಣೆಯ ಶಾಲು ಮೇಲೇ ಇಟ್ಟೆ.

ಒಂದೆರಡು ದಿನ ಕಳೆದು, ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಸಂಘದ ಮೈಸೂರಿನವರು. ಸೈಕಲ್ ನಿಲ್ಲಿಸಿ, ಬಾಗಿಲ ಬಳಿ ಒಂದು ಚೀಲ ಇಟ್ಟು, ದೂರ ಸರಿದು ಗೇಟಿನ ಹತ್ತಿರ ನಿಂತಿದ್ದರು. ಸೀಟಿನ ವಿಷಯ ಹೇಳಲು ಬಂದಿದ್ದಾರೆಂದು ನಾನು ಕೈ ಒರೆಸಿಕೊಳ್ಳುತ್ತಾ ಓಡಿದೆ. ನೀನು ನನ್ನ ಹಿಂದೆಯೇ ಬಂದೆ.

“ಅಮ್ಮಾ, ನಮಸ್ಕಾರ. ನಿಮ್ಮ ಬಹುಮಾನ. ರಾಗಿಹಿಟ್ಟು ಇದೆ, ತೊಗರಿಬೇಳೆ ಇದೆ. ಎಲ್ಲೂ ಸಿಗ್ತಿಲ್ಲ ಈಗ, ಅಂಗಡಿಯವರು ನಿಮಗೋಸ್ಕರ ಎತ್ತಿಟ್ಟಿದ್ರು” ಎಂದರು.

ನಾನು ಚೀಲ ಮುಟ್ಟಲಿಲ್ಲ. “ಸೀಟು?” ಎಂದೆ.

“ಯಾವ ಸೀಟಮ್ಮ?”

“ವಿಮಾನದ್ದು. ಅವತ್ತು ಕೇಳಿದ್ನಲ್ಲ. ನಮ್ಮಕ್ಕನ್ನ ನೋಡಾಕೆ.”

ಅವರು ಮಾಸ್ಕಿನ ಮೇಲಿನ ಕಣ್ಣು ಚಿಕ್ಕದು ಮಾಡಿ ನೋಡಿದರು. “ನೀವು ಸಿನಿಮಾದಲ್ಲಿರೋ ಅಕ್ಕನ ಬಗ್ಗೆ ಹೇಳಿದ್ರಿ ಅಲ್ವಾ? ಯಾರೂ ಕೇಳ್ಲಿಲ್ಲ ಅಂದ್ರಿ, ಅಲ್ಲಿಗೆ ಮುಗೀತು, ನಾವು ಕ್ಲ್ಯಾಪ್ ಮಾಡಿದ್ವಿ. ಸೀಟು ಅಂತ ಏನೂ ಕೇಳಿಸ್ಲಿಲ್ವಲ್ಲಮ್ಮ. ಮೊದಲು ನಿಮ್ಮ ಹೆಸರಿತ್ತು. ಆಮೇಲೆ ನಿಮ್ಮ ಮಗಳೇ ಫೋನ್ ಮಾಡಿ, ಅಮ್ಮ ಇಲ್ಲೇ ಆರಾಮಾಗಿದಾರೆ, ಈಗ ಹೋಗಲ್ವಂತೆ, ಬೇರೆಯವರಿಗೆ ಕೊಡಿ ಅಂದ್ರು. ನಾನೇ ಎಲ್ಲರಿಗೂ ಹೇಳ್ತಿದ್ದೆ, ನಮ್ಮಲ್ಲಿ ಬಂದಿರೋ ಅಪ್ಪ ಅಮ್ಮಂದಿರಲ್ಲಿ ಸೀಟು ಸೀಟು ಅಂತ ನನ್ನ ಜೀವ ತಿನ್ನದೇ ಇರೋರು ನೀವೊಬ್ರೇ ಅಂತ.”

ಆಗ ನೀನು, ನನ್ನ ಸೆರಗು ಹಿಡಿದು ನಿಂತಿದ್ದವಳು, ಏನೂ ದೊಡ್ಡ ವಿಷಯವಲ್ಲ ಎಂಬ ಹಾಗೆ ಹೇಳಿದೆ:

“ಮಾಮ್ ಪುಟ್ ಯು ಆನ್ ಮ್ಯೂಟ್, ಅಜ್ಜಿ. ನಾನು ನೋಡ್ದೆ. ಮೊದ್ಲು ಸೌಂಡ್ ಆಫ್ ಮಾಡಿದ್ಳು, ಆಮೇಲೆ ಕ್ಯಾಮೆರಾನೂ.”

ನಿನ್ನದು ಇದರಲ್ಲಿ ಏನೂ ತಪ್ಪಿಲ್ಲ. ಇದನ್ನು ಓದಿ ಹೇಳಿದವರು ಈ ಮಾತನ್ನು ಬಿಡದೆ ಹೇಳಲಿ. ನೀನು ಹೇಳದಿದ್ದರೆ ನಾನು ಇನ್ನೂ ಎಷ್ಟು ದಿನ ಆ ಚಪ್ಪಾಳೆಯನ್ನು ನಂಬಿಕೊಂಡು ಕೂತಿರುತ್ತಿದ್ದೆನೋ.

ಮೈಸೂರಿನವರು ಗೇಟು ಹಿಡಿದುಕೊಂಡು ನೆಲ ನೋಡುತ್ತಿದ್ದರು. “ನಾಳೆದ್ದು ಫುಲ್ ಆಗಿದೆಯಮ್ಮ. ಇವತ್ತು ಬೆಳಿಗ್ಗೆವರೆಗೂ ಒಂದು ಸೀಟು ಇತ್ತು. ಮುಂದಿನದು ಯಾವಾಗಂತ ನಮಗಿನ್ನೂ ಹೇಳಿಲ್ಲ” ಎಂದರು.

ಅವತ್ತು ಸಂಜೆ ನಿಮ್ಮಮ್ಮ ಬಂದು, ಸ್ನಾನ ಮಾಡಿ, ಅಡುಗೆಮನೆಗೆ ಬಂದಾಗ ಬಹುಮಾನದ ಚೀಲ ಮೇಜಿನ ಮೇಲೇ ಇತ್ತು. ಅದನ್ನು ಕಂಡ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಕುರ್ಚಿ ಎಳೆದು ಕೂತಳು.

“ಮಕ್ಕಳನ್ನ ಯಾರ ಹತ್ರ ಬಿಡ್ಲಿ ಹೇಳು” ಎಂದಳು. “ಯಾರನ್ನೂ ಮನೆಯೊಳಗೆ ಬಿಟ್ಕೊಳ್ಳೋ ಹಾಗಿಲ್ಲ. ಇವರು ಮೀಟಿಂಗಲ್ಲಿ ಕೂತ್ರೆ ಎದ್ದೇಳಲ್ಲ. ಲ್ಯಾಬಲ್ಲಿ ಸ್ಯಾಂಪಲ್ ರಾಶಿ ಬಿದ್ದಿರತ್ತೆ, ಅರ್ಧ ಜನ ತಾವೇ ಕಾಯಿಲೆ ಬಿದ್ದಿದಾರೆ. ನಾನೂ ರಜಾ ಹಾಕಿದ್ರೆ ಯಾರು ನೋಡ್ಬೇಕು?”

“ಅದನ್ನ ನಂಗೆ ಹೇಳಬೇಕಿತ್ತು.”

“ಹೇಳಿದ್ರೆ ನೀನು ಇರ್ತಿದ್ಯಾ?”

“ಇರ್ತಿರಲಿಲ್ಲ.”

“ಮತ್ತೆ?”

“ಇರ್ತಿರಲಿಲ್ಲ ಅಂತಲೇ ಹೇಳ್ಬೇಕಿತ್ತು. ಸೀಟು ಇನ್ನೂ ಬಂದಿಲ್ಲ ಅಂತ ದಿನಾ ನನ್ನ ಬಾಯಲ್ಲಿ ನಮ್ಮಕ್ಕಂಗೆ ಹೇಳಿಸಿದ್ಯಲ್ಲ.”

ಅವಳು ಅತ್ತಳು. ಅವಳ ಕೈ ಸ್ಯಾನಿಟೈಸರಿನಿಂದ ಒಡೆದು ಬಿಳಿಚಿಕೊಂಡಿತ್ತು. ಬೇರೆ ದಿನವಾಗಿದ್ದರೆ ಎಣ್ಣೆ ಹಚ್ಚುತ್ತಿದ್ದೆ. ಅವತ್ತು ಹಚ್ಚಲಿಲ್ಲ. “ದೊಡ್ಡಮ್ಮ ಇನ್ನೂ ಒಂದಷ್ಟು ದಿನ ಇರ್ತಾರೆ ಅಂದ್ಕೊಂಡಿದ್ದೆ ಅಮ್ಮ. ಸ್ಕೂಲ್ ಶುರುವಾದ ಕೂಡಲೇ ಕಳಿಸೋಣ ಅಂತ ಇದ್ದೆ” ಎಂದಳು. ಇರಬಹುದು. ಅವಳ ಲೆಕ್ಕದಲ್ಲಿ ಎಲ್ಲರಿಗೂ ಜಾಗವಿತ್ತು, ಅಕ್ಕ ಮಾತ್ರ ಶಾಲೆ ತೆರೆಯುವವರೆಗೆ ಬದುಕಿರಬೇಕಿತ್ತು.

ನಾನು ಮಹಡಿ ಹತ್ತಿದೆ. ನಿಮ್ಮಪ್ಪನ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗಿ ಅವರ ಎದುರಿಗೇ ನಿಂತೆ. ನಿಮ್ಮಮ್ಮನ ಮದುವೆಯಾದಾಗಿನಿಂದ ಅವರ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಅವರು ಕಿವಿಯಿಂದ ಹೆಡ್‌ಫೋನ್ ತೆಗೆದು ಗಾಬರಿಯಿಂದ ಎದ್ದು ನಿಂತರು.

“ನಂಗೆ ಊರಿಗೆ ಹೋಗಬೇಕು. ನೀವೇ ನನ್ನ ಹೆಸರು ಕೊಡಿ. ನೀವೇ ಕೊಡಿ” ಎಂದೆ.

“ನೀವೇ ಬೇಡ ಅಂದ್ರಂತಲ್ವಾ ಅತ್ತೆ” ಎಂದರು. ನನ್ನ ಮುಖ ನೋಡಿದರು. ನಾನು ಅಲ್ಲಿ ನಿಂತಿರುವಾಗಲೇ ಫೋನ್ ಮಾಡಿ ಹೆಸರು ಕೊಟ್ಟರು. ಅದಕ್ಕೆ ಹಿಡಿದ ಸಮಯ ಒಂದು ಲೋಟ ಕಾಫಿ ಆರುವಷ್ಟೂ ಅಲ್ಲ.

ಸೀಟಿಗಿಂತ ಮೊದಲು ಸುದ್ದಿ ಬಂತು. ನಾನು ನಿಮಗೆ ದೋಸೆ ಹುಯ್ಯುತ್ತಿದ್ದೆ. ಅಕ್ಕನ ಮಗಳು ಫೋನ್ ಮಾಡಿ, “ಚಿಕ್ಕಮ್ಮ, ಹೋಗ್ಬಿಟ್ಳು” ಎಂದಳು. ನಾನು ಒಲೆ ಆರಿಸಿದೆ. ಹೂಳುವುದನ್ನು ಫೋನಿನಲ್ಲಿ ತೋರಿಸುತ್ತೇವೆ ಎಂದರು, ನಾನು ಬೇಡವೆಂದೆ. ಅಷ್ಟು ದಿನ ಅವಳ ಮುಖವನ್ನು ಆ ಫೋನಿನಲ್ಲೇ ನೋಡಿದ್ದು ಸಾಕಾಗಿತ್ತು. ನಿಮ್ಮಮ್ಮ ಅರ್ಧ ದಿನ ರಜೆ ಹಾಕಿ ಬಂದಳು. ಅರ್ಧ ದಿನ ರಜೆ ಸಿಕ್ಕಿತು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಅದಾದ ಮೇಲೆ ಸೀಟು ಬಂತು. ನಿಮ್ಮಮ್ಮ, “ಇನ್ನು ಯಾಕಮ್ಮ ಹೋಗ್ತೀಯ? ಅಲ್ಲಿ ಯಾರಿದಾರೆ? ಮಕ್ಕಳು ನಿನಗೆ ಹೊಂದ್ಕೊಂಡಿದಾರೆ” ಎಂದಳು. ಹೋಗಿ ನೋಡಲು ನನಗೆ ಯಾರೂ ಉಳಿದಿರಲಿಲ್ಲ ನಿಜ. ಆದರೆ ಇದ್ದುಬಿಟ್ಟರೆ ಅವಳು ಮಾಡಿದ್ದು ಸರಿಯಾಯಿತೆಂದು ಆಗುತ್ತಿತ್ತು. ನಾನು ಹೊರಟೆ. ನೀವಿಬ್ಬರೂ ಬಾಗಿಲಲ್ಲಿ ನಿಂತು ಅತ್ತಿರಿ. ಮಾಸ್ಕು ಹಾಕಿಕೊಂಡಿದ್ದರಿಂದ ನಾನು ನಿಮಗೆ ಮುತ್ತು ಕೊಡಲಿಲ್ಲ. ನಿಮ್ಮ ಮೇಲೆ ನನಗೆ ಯಾವ ಬೇಸರವೂ ಇರಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ನನ್ನನ್ನು ಕಟ್ಟಿಹಾಕಲು ಬಳಸಿದ ಹಗ್ಗ ನೀವಾಗಿದ್ದಿರಿ ಎಂಬುದು ನಿಮಗೆ ಗೊತ್ತಿರಲಿಲ್ಲ.

ಬೆಂಗಳೂರಿನ ಹೋಟೆಲಿನಲ್ಲಿ ಒಂಟಿಯಾಗಿ ಕೂರಿಸಿದ ದಿನಗಳು ಮುಗಿದ ಮೇಲೆ ಹಿರಿಯೂರಿಗೆ ಹೋದೆ. ಅಕ್ಕನ ಮಂಚ ಎತ್ತಿ ಗೋಡೆಗೆ ಒರಗಿಸಿದ್ದರು. ಅಕ್ಕನ ಮಗಳು ಕಾಫಿ ಕೊಟ್ಟು ನನ್ನ ಪಕ್ಕ ಕೂತಳು.

“ಕೊನೆಕೊನೆಗೆ ಏನೂ ಗೊತ್ತಾಗ್ತಿರಲಿಲ್ಲ ಚಿಕ್ಕಮ್ಮ. ಆದ್ರೂ ಸೀಟು ಬಂತಂತಾ ಅಂತ ಕೇಳಾಳು. ಇಲ್ಲ ಇಲ್ಲ ಅಂತ ಎಷ್ಟು ದಿನ ಹೇಳಾದು? ಬಂತಂತೆ, ಹೊರಟವ್ಳಂತೆ, ದಾರೀಲವ್ಳೆ ಅಂತ ಸುಳ್ಳು ಹೇಳಿದ್ವಿ. ತಪ್ಪಾತಾ?”

“ಒಳ್ಳೇದು ಮಾಡಿದ್ರಿ” ಎಂದೆ. ಟಾಲಾದಲ್ಲಿ ಒಬ್ಬಳು ಹೇಳಿದ ಸುಳ್ಳನ್ನು ತುಂಬಲು ಹಿರಿಯೂರಿನಲ್ಲಿ ಇನ್ನೊಬ್ಬಳು ಸುಳ್ಳು ಹೇಳಬೇಕಾಯಿತು. ಈ ಹುಡುಗಿ ಅದಕ್ಕೆ ನನ್ನ ಕ್ಷಮೆ ಕೇಳುತ್ತಿದ್ದಳು.

ನಿಮ್ಮಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ನಾನು ಎತ್ತುತ್ತೇನೆ. ನಿಮ್ಮ ಹಲ್ಲು, ನಿಮ್ಮ ಶಾಲೆ, ಅಲ್ಲಿಯ ಮಳೆ ಎಲ್ಲ ಮಾತಾಡುತ್ತೇವೆ. ಮಾತು ಮುಗಿದ ಮೇಲೂ ಅವಳು ಸ್ವಲ್ಪ ಹೊತ್ತು ಫೋನ್ ಇಡುವುದಿಲ್ಲ. ಹೋಗಲಿ ಬಿಡು ಎಂದು ನಾನು ಒಂದು ಮಾತು ಹೇಳಲೆಂದು ಕಾಯುತ್ತಾಳೆ. ನನಗೆ ಅವಳ ಉಸಿರು ಕೇಳಿಸುತ್ತದೆ. ಒಲೆಯ ಮೇಲೆ ಏನೋ ಇದೆ ಎಂದು ಹೇಳಿ ನಾನೇ ಮೊದಲು ಇಡುತ್ತೇನೆ.